ಎಡ ಹೆಗಲಿನ ಕೋವಿ

ಚುನಾವಣೆ ಸಾರಿದ ಮೂರನೆಯ ದಿನ
ಕೋವಿಯನ್ನು ಹಳೇ ಪಂಚೆಯಲ್ಲಿ ಸುತ್ತಿ
ಸಗಡಗೇರಿಯಲ್ಲಿ ಅಂಕೋಲೆಯ ಬಸ್ಸು ಹತ್ತಿದೆ.
ಕಂಡಕ್ಟರ್ ಕೇಳಿದ: ಕೊಡೆಯೇನ್ರೀ ಅಮ್ಮ, ಇಷ್ಟುದ್ದ?
ಹೌದಪ್ಪ ಎಂದೆ. ಲಗೇಜು ಹಚ್ಚಲಿಲ್ಲ.

ಐದು ವರ್ಷಕ್ಕೆ ಎರಡು ಮೂರು ಸಲ ಹೀಗೆ
ಠಾಣೆಗೆ ಹೋಗಿ ಇದ್ದು ಬರುತ್ತದೆ ಇದು.
ಬರುವಾಗ ನಳಿಗೆಯ ತುಂಬ ತುಕ್ಕು,
ಕೊಬ್ಬರಿ ಎಣ್ಣೆ ಹಚ್ಚಿ ಎರಡು ದಿನ ಮಾತಾಡಿಸಬೇಕು.

ನನಗಾಗ ಹದಿನಾಲ್ಕು.
ಅಪ್ಪನ ಕಣ್ಣಿಗೆ ಪೊರೆ ಬಂದ ವರ್ಷ,
ಹಂದಿಗಳಿಗೆ ಅದು ಹೇಗೋ ಗೊತ್ತಾಗಿ
ಶೇಂಗಾ ಗದ್ದೆಗೆ ಮಕ್ಕಳು ಮರಿ ಸಮೇತ ಇಳಿದ ವರ್ಷ.
ಮಾಳದ ಮೇಲೆ ಕೂರಿಸಿ ಅಪ್ಪ ಹೇಳಿದ:
ಬಲ ಹೆಗಲಿಗೆ ಕೊಡು, ಎಡಗಣ್ಣು ಮುಚ್ಚು.
ಮುಚ್ಚಿದೆ.
ನಳಿಗೆಯ ತುದಿ ಬೆಳದಿಂಗಳಲ್ಲಿ ಕರಗಿಹೋಯಿತು.
ಎಡಗಣ್ಣು ತೆರೆದೆ. ಕೋವಿ ತಾನಾಗಿ
ಆಚೆ ಹೆಗಲಿಗೆ ದಾಟಿತು
ಕೊಟ್ಟಿಗೆಯ ದಾರಿ ಬಲ್ಲ ಎಮ್ಮೆಯ ಹಾಗೆ.

ಊಟಕ್ಕೆ ಕೂತರೆ
ಎಡಗೈ ತೊಡೆಯಡಿ ಇಟ್ಟುಕೋ ಎನ್ನುತ್ತಿದ್ದ ಅಪ್ಪ
ಸ್ವಲ್ಪ ಹೊತ್ತು ಸುಮ್ಮನಿದ್ದು,
ಇಲ್ಲಿ ಯಾರು ನೋಡ್ತಾರೆ, ಹೊಡಿ, ಎಂದ.

ಮದ್ದು, ತೆಂಗಿನ ಕತ್ತ, ಚರೆ, ಮತ್ತೆ ಕತ್ತ;
ಗಜ ಹಾಕಿ ಗುದ್ದಿದ್ದು ನಾನೇ.
ಆದರೆ ಕೇಪು ಕೂರುವುದು ಬಲಮಗ್ಗುಲಲ್ಲಿ,
ನನ್ನ ಕೆನ್ನೆ ಕೂತದ್ದೂ ಅಲ್ಲೇ.
ಕುದುರೆ ಬಿದ್ದದ್ದೇ ತಡ
ಕಿಡಿ ಹಾರಿ ಹುಬ್ಬು ಅರ್ಧ ಹೋಯಿತು.
ಹಂದಿಗಳು ಹೊಳೆಯತ್ತ,
ಬೆರ್ಚಪ್ಪನ ತಲೆಯ ಗಡಿಗೆ ಚೂರು ಚೂರು,
ಅಪ್ಪ ನಗಲೋ ಬೇಡವೋ ಎಂದು
ಕತ್ತಲಲ್ಲಿ ಕೆಮ್ಮುತ್ತಿದ್ದ.

ಪೊಕ್ಕ ಗೌಡ ಒಡೆದ ಹಂಡೆಯ ತಾಮ್ರ ತಂದು
ಕೇಪಿನ ಪಕ್ಕ ಉಗುರಗಲದ ಗೋಡೆ ಕಟ್ಟಿದ.
ಮಂಜ ಆಚಾರಿ ಹಿಡಿಯನ್ನು ಬೆಳಕಿಗೆ ಹಿಡಿದು,
ಇದನ್ನು ಮಾಡಿದವನಿಗೆ ಎಡಗಡೆ ಅನ್ನೋದೇ ಇರಲಿಲ್ಲ ತಂಗಿ,
ಎಂದು ಬೈದು
ಬೀಟೆಯನ್ನು ಎಳೆ ಎಳೆಯಾಗಿ ಹೆರೆದ.
ನಡುನಡುವೆ ನನ್ನ ಕೆನ್ನೆಗೆ ಒತ್ತಿ ನೋಡಿದ,
ಪಾದಕ್ಕೆ ಚಪ್ಪಲಿ ಅಳೆದಂತೆ.
ಕೂಲಿ: ಒಂದು ಹೆಡಿಗೆ ಶೇಂಗಾ.

ಕೊಯ್ಲಿನ ಕತ್ತಿಯ ಹಲ್ಲು ಈಗಲೂ ನನಗೆ ತಿರುವು.
ಅದಕ್ಕೆ ಯಾವ ಆಚಾರಿಯೂ ಸಿಗಲಿಲ್ಲ.

ಅಳಿಯ ಬೀರಣ್ಣ ಹುಬ್ಬಳ್ಳಿಯಿಂದ
ಜೋಡು ನಳಿಗೆಯದು ತಂದ. ಹೊಳೆಯುತ್ತಿತ್ತು.
ತೆರೆಯುವ ಕೀಲಿಗೆ ನನ್ನ ಹೆಬ್ಬೆರಳು
ಇಲ್ಲದ ಕಡೆಯಲ್ಲೆಲ್ಲ ಹುಡುಕಿತು.
ಒಳ್ಳೆಯ ಕೋವಿ ಎಂದು ಹಿಂದೆ ಕೊಟ್ಟೆ.
ಅವನು ನನ್ನದನ್ನು ಹೆಗಲಿಗೇರಿಸಿ,
ಅತ್ತೆ, ಇದು ಸೊಟ್ಟವಲ್ಲ, ಕೆನ್ನೆಗೇ ಸಿಕ್ಕೂದಿಲ್ಲ, ಎಂದ.
ನನಗಾದ ಸಂತೋಷವನ್ನು
ಒಂದು ಲೋಟ ಚಹಾದಲ್ಲಿ ಮುಚ್ಚಿಟ್ಟೆ.

ಮೂವತ್ತೆಂಟು ವರ್ಷದಲ್ಲಿ ಬಿದ್ದದ್ದು
ಕೈಬೆರಳಿನ ಲೆಕ್ಕ. ಉಳಿದ ಈಡೆಲ್ಲ ಆಕಾಶಕ್ಕೆ.
ಹಂದಿಗೂ ನನಗೂ ಒಂದು ಒಪ್ಪಂದವಿದೆ:
ಅದು ಎರಡು ಸಾಲು ತಿನ್ನುವುದು,
ನಾನು ಒಮ್ಮೆ ಗುಡುಗುವುದು.

ಠಾಣೆಯಲ್ಲಿ ಹೊಸ ಹುಡುಗ. ಮೀಸೆ ಇನ್ನೂ ಎಳಸು.
ಯಾರದ್ದು, ಗಂಡನದ್ದೊ?
ನಂದು.
ಪಂಚೆ ಬಿಚ್ಚಿ ತಿರುಗಿಸಿ ನೋಡಿದ.
ತಾಮ್ರದ ಗೋಡೆ ಮುಟ್ಟಿದ, ಹೆರೆದ ಮರ ಸವರಿದ,
ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ
ಕೋವಿಯನ್ನೆತ್ತಿ ಹೆಗಲಿಗೆ ಕೊಟ್ಟ.
ಎಡ ಹೆಗಲಿಗೆ.
ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ರಸೀದಿ ಬರೆದು ಎಡಗೈಯಲ್ಲೇ ಚಾಚಿದವನು
ಗಾಬರಿಯಾಗಿ ಕೈ ಬದಲಿಸುವಷ್ಟರಲ್ಲಿ
ನನ್ನ ಎಡಗೈ ಅದನ್ನು ತೆಗೆದುಕೊಂಡಾಗಿತ್ತು.

ಬಸ್ಸಿನಲ್ಲಿ ಬಿಚ್ಚಿ ಓದಿದೆ:
ರಾಕಮ್ಮ ವೆಂಕಣ್ಣ ನಾಯಕ. ಒಂಟಿ ನಳಿಗೆ. ಕೇಪಿನದು. ಹಳತು.
ಸ್ಥಿತಿ ಎಂಬಲ್ಲಿ ಏನೋ ಬರೆದಿದ್ದ.
ಹಸಿ ಮಸಿಯ ಮೇಲೆ ಅವನದೇ ಮುಷ್ಟಿ ಎಳೆದುಹೋಗಿ
ಓದಲಾಗಲಿಲ್ಲ.